ನೀರಿನ ಕಡೆಯ ಕೋಣೆ

ಲಕ್ಷದ್ವೀಪವನ್ನು ಲಕ್ಷದೀಪವೆಂದು ತಿಳಿದುಕೊಂಡ ಅತ್ತೆ ಸುನಂದಮ್ಮ ಬೆಳಗಿನಿಂದ ಜಗಲಿಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ತಿದ್ದಬೇಕೆಂದು ಮಾತು ವಾಣಿಶ್ರೀಯ ನಾಲಗೆಯ ತುದಿಯವರೆಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಮಗ ಸೊಸೆ ದೀಪಾವಳಿ ಕಳೆದ ಮೇಲೆ ಎಲ್ಲಿಗೋ ಹೊರಡುವವರಿದ್ದಾರೆ, ಅದು ಕಾರ್ತಿಕ ಮಾಸ, ಲಕ್ಷ ಅನ್ನುವ ಶಬ್ದ ಕಿವಿಗೆ ಬಿದ್ದಿದೆ. ಮುದುಕಿ ಇನ್ನೇನು ತಿಳಿದುಕೊಳ್ಳಬೇಕು. ಹೋಗುತ್ತಿರುವುದು ದೇವರ ಸನ್ನಿಧಿಗಲ್ಲ, ಸಮುದ್ರದ ನಡುವೆ ಬಿದ್ದಿರುವ ಒಂದು ತುಂಡು ಮರಳಿಗೆ, ಅಲ್ಲಿ ಜನ ದೀಪ ಹಚ್ಚಲು ಹೋಗುವುದಿಲ್ಲ, ಚಡ್ಡಿ ಹಾಕಿಕೊಂಡು ನೀರಿಗಿಳಿದು ಮೀನು ನೋಡುತ್ತಾರೆ ಎಂದು ಹೇಳಿಬಿಟ್ಟರೆ ಆ ಕೈಗಳಿಗೆ ಮಾಡಲು ಕೆಲಸವಿರುವುದಿಲ್ಲ. ಬೀಚನಹಳ್ಳಿಯ ಅವರ ಬೀದಿಗೆಲ್ಲ ಆಗಲೇ ಸುದ್ದಿಯಾಗಿತ್ತು. ಹಾಲು ಹಾಕುವವಳು ಕೂಡ ನಿನ್ನೆ, 'ಈ ಸಲ ದೇವ್ರು ಕಣ್ ಬುಡ್ತಾನೆ ಬುಡಕ್ಕ' ಎಂದು ವಾಣಿಶ್ರೀಯ ಹೊಟ್ಟೆಯ ಕಡೆ ನೋಡಿ ಹೇಳಿದ್ದಳು. ಹೊಟ್ಟೆಯ ಕಡೆ ನೋಡಿ ಮಾತಾಡುವುದು ಈ ಊರಿನವರಿಗೆ ಮೂರು ವರ್ಷದಿಂದ ಅಭ್ಯಾಸವಾಗಿಹೋಗಿದೆ.

ಅಡಿಗೆಮನೆಯ ಕಟ್ಟೆಯ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಸಮುದ್ರ ಇತ್ತು. ಗಂಡ ರೇಣುಕಾಪ್ರಸಾದ್ ಸ್ನಾನಕ್ಕೆ ಹೋಗುವ ಮುಂಚೆ, ನೋಡ್ತಿರು ಎಂದು ಇಟ್ಟುಹೋಗಿದ್ದ. ಅವಳು ಈರುಳ್ಳಿ ಹೆಚ್ಚುತ್ತ ನೋಡಿದಳು. ಹಸಿರು ನೀರು, ನೀರಿನ ಮೇಲೆ ಸಾಲಾಗಿ ಮರದ ಮನೆಗಳು, ತೂಗುಮಂಚದಲ್ಲಿ ಒಬ್ಬ ಹೆಂಗಸಿನ ಕಾಲು. ಹೆಂಗಸಿನ ಮುಖ ಇಲ್ಲ, ಬರೀ ಕಾಲು. ಹೀಗೇ ತೆಗೆಸುತ್ತಾರೆ, ಮುಖ ಕಂಡರೆ ನೋಡುವವರಿಗೆ ತಮ್ಮ ಮುಖ ಅಲ್ಲಿಡಲು ಜಾಗವಿರುವುದಿಲ್ಲ. ಹಿನ್ನೀರಿನ ದಡದ ರೆಸಾರ್ಟಿನಲ್ಲಿ ರಿಸೆಪ್ಷನ್ ಮೇಜಿನ ಹಿಂದೆ ನಿಂತು ಒಂಬತ್ತು ವರ್ಷ ಸವೆಸಿದವಳಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಚಿತ್ರದ ಅಂಚಿನಲ್ಲಿ ಕತ್ತರಿಸಿರುವ ಜಾಗದಲ್ಲಿ ಜನರೇಟರ್ ಇರುತ್ತದೆ. ಬೆಳ್ಳಗೆ ಮಡಚಿಟ್ಟ ಟವೆಲ್ಲಿನ ಹಂಸದ ಹಿಂದೆ ಕಾಡಂಚಿನ ಹಾಡಿಯಿಂದ ಬೆಳಗಾಗುವ ಮುಂಚೆ ನಡೆದು ಬಂದ, ತಮ್ಮಲ್ಲಿ ಕೋಣೆ ಹಸನು ಮಾಡುವ ಚಿಕ್ಕಿಯಂಥವಳೊಬ್ಬಳ ನೀರು ತಿಂದ ಬೆರಳು ಇರುತ್ತದೆ. ಲೋಕದಲ್ಲಿ ಯಾವ ಜಾಗಕ್ಕಾದರೂ ಅತಿಥಿಯಾಗಿ ಹೋಗುವ ಯೋಗ್ಯತೆಯನ್ನೇ ತಾನು ಕಳೆದುಕೊಂಡಿದ್ದೇನೆ ಅನ್ನಿಸಿ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಈರುಳ್ಳಿಯ ನೆಪದಲ್ಲಿ ಕಣ್ಣೊರೆಸಿಕೊಂಡಳು.

ದ್ವೀಪದ ಮಾತು ಶುರುವಾದದ್ದು ಅವಳು ಕೇಳಿದ ಒಂದು ಮಾತಿಗೆ ಉತ್ತರವಾಗಿ. ಅವಳು ಕೇಳಿದ್ದು ದ್ವೀಪವನ್ನಲ್ಲ. ಮೂರು ವರ್ಷದ ಹಿಂದೆ ಏಪ್ರಿಲ್ಲಿನಲ್ಲಿ, ಬಸುರಿನ ಎಂಟನೆಯ ತಿಂಗಳಿನಲ್ಲಿ, ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಣ್ಣು ಅಂದರು. ಉಸಿರಿರಲಿಲ್ಲ ಅಂದರು. ಎಲ್ಲಿ ಎಂದು ಕೇಳಿದಾಗ ಗಂಡ ಗೋಡೆ ನೋಡಿದ, ಅವನ ಸೋದರಮಾವ ಷಣ್ಮುಖಪ್ಪ ಹೆಗಲ ಟವೆಲಿನಲ್ಲಿ ಕೈಯ ಮಣ್ಣು ಒರೆಸಿಕೊಂಡ. ಹೆತ್ತವಳಿಗೆ ಹೂತ ಜಾಗ ತೋರಿಸಬಾರದಂತೆ. ತೋರಿಸಿದರೆ ಮುಂದಿನದೂ ನಿಲ್ಲುವುದಿಲ್ಲವಂತೆ. ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರ ಬಂದ ವಾರವಿಡೀ ಅವಳು ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು, ಆಮೇಲೆ ಮಾತಾಡುವುದನ್ನೇ ಬಿಟ್ಟಳು. ಮುಂದಿನದು ಬರಲಿಲ್ಲ. ಬರುವುದಕ್ಕೆ ಇಬ್ಬರೂ ಒಂದೇ ಕಡೆ ಮುಖ ಮಾಡಿ ಮಲಗಬೇಕಲ್ಲ. ಹೋದ ತಿಂಗಳು ಇದ್ದಕ್ಕಿದ್ದಂತೆ, ಊಟಕ್ಕೆ ಕೂತಿದ್ದಾಗ, ಜಾಗ ತೋರ್ಸಿ, ಇಲ್ದಿದ್ರೆ ನಾನು ಎನ್. ಬೇಗೂರಿಗೆ ನಮ್ಮಣ್ಣನ ಮನೆಗೆ ಹೋಗಿ ಇದ್ಬಿಡ್ತೀನಿ ಎಂದಳು. ಅವನು ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿ, ಎರಡು ದಿನ ಯೋಚನೆ ಮಾಡಿ, ಲಕ್ಷದ್ವೀಪಕ್ಕೆ ಹೋಗಾನ ಅಂದ. ಒಂದ್ಸಲ ಓಗ್ಬರಾನ, ಬಂದ ಮೇಲೂ ನಿಂಗೆ ಅಂಗೇ ಅನ್ನಿಸಿದ್ರೆ ನಾನೇ ಬಸ್ ಹತ್ತಿಸ್ತೀನಿ ಅಂದ. ಹೆಂಡತಿ ಊರ ಹಿಂದಿನ ಒಂದು ಮೊಳ ಮಣ್ಣನ್ನು ಕೇಳಿದರೆ ಗಂಡ ಅರಬ್ಬಿ ಸಮುದ್ರ ಕೊಡಲು ಹೊರಟಿದ್ದ.

ಅಂದಿನಿಂದ ಅವನಿಗೆ ಅದೇ ಗುಂಗು. ಅಣೆಕಟ್ಟೆಯ ನೀರಾವರಿ ಕಚೇರಿಯಲ್ಲಿ ದಿನಾ ಬೆಳಗ್ಗೆ ನೀರಿನ ಮಟ್ಟ ನೋಡಿ ಮೈಸೂರಿಗೆ ಫೋನಿನಲ್ಲಿ ತಿಳಿಸುವುದು ಅವನ ಕೆಲಸ. ಇಂಥ ಕೆಲಸ ಮಾಡುವವನು ಮನೆಗೆ ಬಂದು ಹವಳದ ಬಗ್ಗೆ ಮಾತಾಡತೊಡಗಿದ. ಹವಳ ಅಂದರೆ ಅವಳಿಗೆ ತಾಳಿಯ ಸರದಲ್ಲಿ ಕರಿಮಣಿಯ ನಡುವೆ ಪೋಣಿಸಿದ ಎರಡು ಕೆಂಪು ಕಾಳು, ಅಷ್ಟೆ. ಅದು ಕಲ್ಲಲ್ಲ ಕಣೆ, ಜೀವ, ಉಸಿರಾಡ್ತದೆ ಎಂದು ವಿಡಿಯೋ ತೋರಿಸಿದ. ಸಮುದ್ರ ಬಿಸಿಯಾದರೆ ಅದು ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ, ಹಾಗೇ ಇದ್ದರೆ ಸಾಯುತ್ತದೆ, ಸತ್ತ ಮೇಲೂ ನಿಂತ ಜಾಗದಲ್ಲೇ ನಿಂತಿರುತ್ತದೆ. 'ಆಗ್ಲೇ ಸುಮಾರು ಬಿಳ್ಚ್ಕಂಡ್ ಸತ್ತೋಗದಂತೆ, ಬ್ಯಾಗ ಓಗಿ ನೋಡ್ಬುಡಾನ' ಎಂದ, ಸಂತೆ ಮುಗಿಯುವುದರೊಳಗೆ ಹೋಗಬೇಕು ಅನ್ನುವವನ ಹಾಗೆ. ಅವಳ ಬೆರಳು ತಾನಾಗಿ ಕುತ್ತಿಗೆಗೆ ಹೋಯಿತು. ಕಾಳುಗಳು ಬೆಚ್ಚಗಿದ್ದವು, ಅವಳ ಮೈಯ ಬಿಸಿಗೆ.

ಅವನು ತಲೆ ಒರೆಸಿಕೊಳ್ಳುತ್ತ ಬಂದು, ಇವತ್ತು ಕೊಚ್ಚಿಯ ಬುಕಿಂಗ್ ಆಫೀಸಿಗೆ ಫೋನ್ ಮಾಡಿ ಮುಗಿಸಿಯೇಬಿಡುತ್ತೇನೆ ಎಂದ. ಫೋನನ್ನು ಅವಳಿಗೂ ಕೇಳಿಸುವಂತೆ ಜೋರಾಗಿಟ್ಟು, ಗೋಡೆಗೆ ಒರಗಿ ಕೂತ. ಒಗೆದ ಬನಿಯನ್ನು, ಬಾಚಿದ ತಲೆ. ಫೋನಿನಲ್ಲಿ ಮಾತಾಡಲು ತಲೆ ಬಾಚಿಕೊಂಡಿದ್ದಾನೆ. ಆ ಕಡೆಯಿಂದ ಒಬ್ಬ ಹುಡುಗಿಯ ದನಿ ಬಂತು, ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಎರಡರ ಮೇಲೂ ಮಲಯಾಳದ ಎಳೆತ. ಆ ದನಿಯ ಹಿಂದಿನ ನಗುವನ್ನು ವಾಣಿಶ್ರೀ ಗುರುತಿಸಿದಳು. ಅದು ತುಟಿ ಮಾತ್ರ ಹಿಗ್ಗಿಸುವ ನಗು, ಅವಳೂ ದಿನವಿಡೀ ನಗುವಂಥದ್ದು, ಪಾಳಿ ಮುಗಿದ ಮೇಲೆ ಕೆನ್ನೆ ನೋಯುವಂಥದ್ದು.

'ಹನಿಮೂನಾ ಸರ್, ಆನಿವರ್ಸರಿಯಾ?'

'ಯಾವ್ದೂ ಅಲ್ಲ ಮೇಡಂ. ಸುಮ್ನೆ.'

'ಮಕ್ಕಳು ಇದಾರಾ ಸರ್ ಜೊತೆಗೆ?'

ಅವನು ಹೆಂಡತಿಯ ಕಡೆ ನೋಡಲಿಲ್ಲ. 'ಇಬ್ರೇ' ಎಂದ. ಒಂದೇ ಮಂಚವೋ ಎರಡೋ ಎಂದು ಆ ಹುಡುಗಿ ಕೇಳಿದಳು. ಅವನು, ಎರಡಾದ್ರೂ ಪರ್ವಾಗಿಲ್ಲ ಅಂದ. ನೀರಿನ ಕಡೆಯ ಕೋಣೆ ಕೊಡಲಾ, ತೋಟದ ಕಡೆಯದಾ, ಎರಡಕ್ಕೂ ಒಂದೇ ರೇಟು ಎಂದಾಗ ಮಾತ್ರ ತಡಮಾಡದೆ, 'ನೀರ್ನ ಕಡೆ ಬ್ಯಾಡ. ತೋಟದ್ ಕಡೆನೇ ಕೊಡಿ' ಎಂದುಬಿಟ್ಟ. ಸಮುದ್ರ ನೋಡಲು ಬರುವವನು ಸಮುದ್ರಕ್ಕೆ ಬೆನ್ನು ಮಾಡಿದ ಕೋಣೆ ಕೇಳುವುದನ್ನು ಆ ಹುಡುಗಿ ಹೆಚ್ಚು ಕೇಳಿರಲಿಕ್ಕಿಲ್ಲ. ಒನ್ ಮಿನಿಟ್ ಸರ್ ಎಂದು ಫೋನನ್ನು ಅಂಗೈಯಲ್ಲಿ ಮುಚ್ಚಿ ಪಕ್ಕದಲ್ಲಿದ್ದವಳಿಗೆ ಹೇಳಿದ್ದು ಬೆರಳ ಸಂದಿಯಿಂದ ಸೋರಿ ಬಂತು. 'ವಿಳಕ್ಕಲ್ ಕೇಸಾಣ್ ಚೇಚಿ.'

ಕೇರಳದ ಗಡಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಇರುವಂತೆ ರೇಣುಕಾಪ್ರಸಾದನಿಗೂ ಹಿಡಿ ತುಂಬ ಮಲಯಾಳ ಇತ್ತು. ವೆಳ್ಳಂ ಅಂದರೆ ನೀರು, ವಿಳಕ್ಕ್ ಅಂದರೆ ದೀಪ. ಅವನ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ, 'ದೀಪ ಅಂತಾವ್ಳೆ ಕಣೆ. ದೀಪ ಇಟ್ಟು ಊಟ ಕೊಡ್ತಾರಲ್ಲ, ಅದು' ಎಂದು ಪಿಸುಗುಟ್ಟಿ, ಫೋನಿಗೆ ಬಾಯಿಟ್ಟು, 'ಆಯ್ತು ಮೇಡಂ, ವಿಳಕ್ಕ್ ಹಾಕ್ಬುಡಿ, ನಮ್ಗೆ ವಿಳಕ್ಕ್ ಬೇಕು' ಎಂದ. ಆ ಕಡೆಯ ಹುಡುಗಿ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ವಾಣಿಶ್ರೀಗೆ ಗೊತ್ತು. ಎನ್. ಬೇಗೂರಿನಲ್ಲಿ ಅವಳ ಅಪ್ಪನ ಹೊಲವನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಿದ್ದ ವಯನಾಡಿನವರ ಮನೆಯಲ್ಲಿ ಅವಳು ಅರ್ಧ ಬೆಳೆದವಳು. ಆ ಮನೆಯ ಅಜ್ಜಿ ತೂತು ಬಿದ್ದ ಚರಿಗೆಯನ್ನು ಸಂತೆಗೆ ಒಯ್ಯುವಾಗ ಹೇಳುತ್ತಿದ್ದ ಮಾತು ಅದು. ವಿಳಕ್ಕಲ್ ಅಂದರೆ ಬೆಸುಗೆ. ಒಡೆದದ್ದಕ್ಕೆ ತವರ ಕರಗಿಸಿ ಹಚ್ಚುವುದು. ಇದು ಬೆಸುಗೆ ಕೇಸು ಅಕ್ಕಾ ಎಂದಿದ್ದಳು ಹುಡುಗಿ.

ಅವಳ ಕಿವಿ ಬಿಸಿಯಾಯಿತು. ಯಾಕೆಂದರೆ ತಮ್ಮ ರೆಸಾರ್ಟಿನಲ್ಲೂ ಅಂಥದೊಂದು ಮಾತಿದೆ, ಅದನ್ನು ಹುಟ್ಟಿಸಿದವಳು ಅವಳೇ. ರಿಪೇರಿ ಜೋಡಿ. ಗಂಡ ಸಾಮಾನು ಇಳಿಸುವಾಗ ಹೆಂಡತಿ ಬೇರೆ ಕಡೆ ನೋಡುತ್ತ ನಿಂತಿದ್ದರೆ, ಪಾನಕದ ಲೋಟ ಕೊಟ್ಟಾಗ ಇಬ್ಬರೂ ಅತಿಯಾಗಿ ಥ್ಯಾಂಕ್ಸ್ ಹೇಳಿದರೆ, ಅವಳು ಅಡಿಗೆಮನೆಗೆ ಫೋನು ಮಾಡಿ ಒಂದೇ ಮಾತು ಹೇಳುತ್ತಾಳೆ, ರಿಪೇರಿ ಬಂದಿದೆ. ಅಡಿಗೆಯ ಕಾಂತರಾಜು ಅವರ ಮೇಜನ್ನು ನವದಂಪತಿಗಳಿಂದ ದೂರ ಹಾಕುತ್ತಾನೆ. ಚಿಕ್ಕಿ ಹಾಸಿಗೆಯ ಮೇಲೆ ಒಂದು ಹಿಡಿ ಹೂವು ಜಾಸ್ತಿ ಚೆಲ್ಲುತ್ತಾಳೆ, ಮಾರನೆಯ ಬೆಳಗ್ಗೆ ಹೋಗಿ ಹೂವು ಒಂದೇ ಮಗ್ಗುಲಲ್ಲಿ ನಲುಗಿದೆಯೋ ಎರಡೂ ಕಡೆಯೋ ನೋಡಿಕೊಂಡು ಬಂದು ಹೇಳುತ್ತಾಳೆ. ಎಷ್ಟು ನಕ್ಕಿದ್ದರು. ಹೊರಡುವ ದಿನ ಕಪ್ಪು ಕನ್ನಡಕ ಹಾಕಿಕೊಂಡು ಬಿಲ್ಲಿಗೆ ಸಹಿ ಮಾಡಿದ ಆ ಮಂಡ್ಯದ ಹೆಂಗಸು, ಅವಳ ಹಿಂದೆಯೂ ನಕ್ಕಿದ್ದರು. ಈಗ ಸಮುದ್ರದಾಚೆ ಯಾರೋ ಕಾಂತರಾಜುವಿನಂಥವನು ತಮ್ಮಿಬ್ಬರಿಗಾಗಿ ಮೂಲೆಯ ಮೇಜು ಒರೆಸುತ್ತಾನೆ. ಹೂವು ನಲುಗಿತೇ ಎಂದು ನೋಡಲು ಯಾವಳೋ ಬರುತ್ತಾಳೆ.

ಫೋನಿಟ್ಟ ಮೇಲೆ ಅವನು ಗೆಲುವಾಗಿದ್ದ. ಜಗಲಿಯ ಕಡೆ ಕೈ ತೋರಿಸಿ, 'ಅವ್ವನ್ ಬತ್ತಿನೂ ತಗಂಡೋಗಾನ ಬುಡು, ಉಪಯೋಗಕ್ಕೆ ಬತ್ತವೆ' ಎಂದ. ಮೂರು ವರ್ಷದಲ್ಲಿ ಅವನು ಆಡಿದ ಮೊದಲ ತಮಾಷೆ. ಈ ಮನುಷ್ಯನಿಗೆ ವಿಳಕ್ಕಲ್ ಎಂದರೆ ಏನೆಂದು ತಾನು ಎಂದೂ ಹೇಳುವುದಿಲ್ಲ ಎಂದು ಅವಳು ನಿಶ್ಚಯಿಸಿಕೊಂಡಳು. ಆ ನಿಶ್ಚಯದಲ್ಲಿ ಸ್ವಲ್ಪ ಪ್ರೀತಿಯೂ ಇತ್ತು. ಹೋದರೆ ಹೋಗಲಿ, ಹೂವಿನ ಎರಡು ಮಗ್ಗುಲನ್ನೂ ಕೈಯಿಂದಲಾದರೂ ಹೊಸಕಿಟ್ಟು ಬಂದರಾಯಿತು ಅನ್ನಿಸಿತು. ಅಷ್ಟಕ್ಕೇ ಬಿಟ್ಟಿದ್ದರೆ ಆ ದಿನ ಮುಗಿದುಹೋಗುತ್ತಿತ್ತು. ಆದರೆ ವೃತ್ತಿಯವಳ ಕಿವಿಗೆ ಒಂದು ಮಾತು ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

'ನೀರ್ನ ಕಡೆ ಯಾಕೆ ಬ್ಯಾಡ ಅಂದ್ರಿ?'

'ದುಡ್ಡು ಜಾಸ್ತಿ ಅಲ್ವಾ.'

'ಎರಡ್ಕೂ ಒಂದೇ ಅಂದ್ಲಲ್ಲ.'

ಅವನು ಬನಿಯನ್ನಿನ ಅಂಚು ಎಳೆದುಕೊಂಡ. 'ಅಗಲೊತ್ತು ನೋಡುದ್ರೆ ಸಾಲ್ದಾ. ಮನಿಕಂಡಾಗ್ಲೂ ಅದೇ ಸದ್ದು ಕೇಳ್ಬೇಕಾ. ದೋಣಿ ತಳಕ್ಕೆ ಗಾಜು ಹಾಕಿರ್ತಾರಂತೆ. ನೀನು ನೀರ್ಗೇ ಇಳಿಯಂಗಿಲ್ಲ, ಕುಂತ್ಕಂಡೇ ನೋಡ್ಬೋದು. ನೀರು ಅಷ್ಟ್ ತಿಳಿ. ತಳ ಕಾಣ್ತದೆ ಕಣೆ. ಇಲ್ಲಿ ತರ ಅಲ್ಲ, ಇಲ್ಲಿ ಬಗ್ಗುದ್ರೂ ಏನೂ ಕಾಣಲ್ಲ.'

ಹೇಳಿ ಮುಗಿಸಿದ ಮೇಲೆ ತನ್ನ ಮಾತು ತನಗೇ ಕೇಳಿಸಿದವನಂತೆ ಅವನು ಫೋನನ್ನು ಬೋರಲು ಹಾಕಿಟ್ಟ. ಜಗಲಿಯಲ್ಲಿ ಬತ್ತಿ ಹೊಸೆಯುವ ಕೈ ನಿಂತಿತ್ತು. ವಾಣಿಶ್ರೀ ಒಲೆ ಆರಿಸಿದಳು. ಅವನು ಮೂರು ವರ್ಷದಿಂದ ಒಮ್ಮೆಯೂ ಅವಳ ರೆಸಾರ್ಟಿಗೆ ಬಂದಿರಲಿಲ್ಲ. ವ್ಯಾನು ಕೆಟ್ಟ ದಿನ ಕರೆಯಲು ಬಂದವನು ಗೇಟಿನ ಹೊರಗೇ ಬೈಕು ನಿಲ್ಲಿಸಿ, ಒಳಗೆ ಬಂದು ಟೀ ಕುಡಿಯಿರಿ ಎಂದರೂ ಬಂದಿರಲಿಲ್ಲ. ಬೆಳಗ್ಗೆ ಎದ್ದು ನೀರಿನ ಮಟ್ಟವನ್ನು ಬಾಯಲ್ಲೇ ಗುಣುಗುಣು ಎಣಿಸಿಕೊಳ್ಳುತ್ತಿದ್ದ. ಕೆಲಸದ ಚಾಳಿ ಅಂದುಕೊಂಡಿದ್ದಳು.

'ಇಲ್ಲಿ ತಳದಲ್ಲಿ ಏನದೆ?' ಎಂದು ಕೇಳಿದಳು.

'ವಾಣಿ, ಬುಡು.'

'ಏನದೆ ಅಂದೆ.'

ಅವನು ನೆಲ ನೋಡುತ್ತ ಹೇಳಿದ. ಜೋರಾಗಿಯೂ ಅಲ್ಲ, ಮೆತ್ತಗೂ ಅಲ್ಲ, ಮೈಸೂರಿಗೆ ಮಟ್ಟ ತಿಳಿಸುವ ದನಿಯಲ್ಲಿ. 'ಆಗ ಏಪ್ರಿಲ್ಲು. ನೀರು ಹಿಂದಕ್ ಓಗಿತ್ತು. ಹೊಲದಲ್ ಬ್ಯಾಡ, ನೇಗ್ಲು ತಗುಲ್ತದೆ ಅಂದ ಮಾವ. ಹಿನ್ನೀರಿನ ಬಯಲಾದ್ರೆ ಯಾರೂ ಮನೆ ಕಟ್ಟಲ್ಲ, ಅಗಿಯಲ್ಲ ಅಂದ. ನನ್ ತಲೇಲೂ ಏನೂ ಓಡ್ನಿಲ್ಲ. ಒಂದ್ ಒಣಮರ ಇತ್ತಲ್ಲ ನಿಮ್ ರೆಸಾರ್ಟ್ ಎದ್ರಿಗೆ, ಅದ್ರ ಬುಡದಲ್ಲಿ. ಮೇಲ್ ಒಂದ್ ಕಲ್ಲಿಟ್ಟೆ. ಜುಲೈಲಿ ನೀರ್ ಬಂತು.'

'ಆಮೇಲೆ?'

'ನೀರ್ ಇಳಿದಾಗ್ಲೆಲ್ಲ ಓಯ್ತೀನಿ. ಮೊದಲ್ನೇ ವರ್ಷ ಕಲ್ಲಿತ್ತು. ಆಮೇಲ್ ಹೂಳು ತುಂಬ್ಕತ್ತು. ಹೋದ್ ವರ್ಷ ಮರಾನೂ ಬಿದ್ದೋಯ್ತು. ಈಗ ನಂಗೂ ಗೊತ್ತಿಲ್ಲ ಕಣೆ, ಎಲ್ಲಿ ಅಂತ. ನೀನ್ ಕೇಳ್ದೆ. ಏನ್ ತೋರಿಸ್ಲಿ.'

ಜಗಲಿಯಿಂದ ಸುನಂದಮ್ಮ, 'ಏಳೋ ಪ್ರಸಾದ, ಒತ್ತಾಯ್ತು, ಕಟ್ಟೆ ತಾವ್ ಓಗಲ್ವಾ' ಎಂದಳು. ಅವಳಿಗೂ ಗೊತ್ತಿತ್ತು. ಊರಿಗೇ ಗೊತ್ತಿತ್ತೋ ಏನೋ, ಹೊಟ್ಟೆ ನೋಡಿ ಮಾತಾಡುತ್ತಿದ್ದವರು ಕಣ್ಣು ನೋಡದೇ ಇದ್ದದ್ದು ಅದಕ್ಕೇ ಇರಬೇಕು. ಅವನು ಎದ್ದು ಅಂಗಿ ಹಾಕಿಕೊಂಡ. ಒಂದು ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ, ಅವಳು ಹೇಳಲಿಲ್ಲ. ಬಾಗಿಲಲ್ಲಿ ನಿಂತು, 'ಅಡ್ವಾನ್ಸ್ ಕಟ್ಲಾ ಬ್ಯಾಡ್ವಾ?' ಎಂದು ಕೇಳಿದ. ಅವಳಿಗೆ ಕೂಗಬೇಕೆನ್ನಿಸಿತು, ತಟ್ಟೆ ಎಸೆಯಬೇಕೆನ್ನಿಸಿತು. 'ಕಟ್ಟಿ' ಎಂದಳು. ಎನ್. ಬೇಗೂರಿನ ಅಣ್ಣನ ಮನೆಗೆ ಹೋಗಿ ಮಾಡುವುದಾದರೂ ಏನು, ಅಲ್ಲಿಂದ ಈ ನೀರು ಕೂಡ ಕಾಣುವುದಿಲ್ಲ.

ಮಧ್ಯಾಹ್ನದ ಪಾಳಿಗೆ ವ್ಯಾನು ಬಂತು. ಕಿಟಕಿಯಾಚೆ ಆಗಸ್ಟಿನ ತುಂಬಿದ ಹಿನ್ನೀರು ಮರಗಳ ಸಂದಿಯಿಂದ ಜೊತೆಜೊತೆಗೇ ಬರುತ್ತಿತ್ತು. ಕೋಟೆ ಪಟ್ಟಣದಿಂದ ಬರುವ ಹುಡುಗಿಯರು ಯಾರದೋ ಮದುವೆಯ ವಿಷಯ ಮಾತಾಡಿಕೊಳ್ಳುತ್ತಿದ್ದರು. ಅವಳು ನೀರನ್ನು ನೋಡದೆ ಮುಂದಿನ ಸೀಟಿನ ಹರಿದ ರೆಕ್ಸಿನ್ನನ್ನೇ ನೋಡಿದಳು. ಈ ನೀರನ್ನು ಎಷ್ಟು ಜನಕ್ಕೆ ಮಾರಿದ್ದೇನೆ ಎಂದು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದಳು. ಕರ್ಟನ್ ಸರಿಸಿದ್ರೆ ಸಾಕು ಮೇಡಂ, ಹಾಸಿಗೆಯಿಂದಾನೇ ನೀರು ಕಾಣತ್ತೆ. ಬೆಳಗ್ಗೆ ಎದ್ದ ತಕ್ಷಣ ನೋಡಿ ಸರ್, ಮನಸ್ಸು ಶಾಂತವಾಗತ್ತೆ. ಮೂರು ವರ್ಷ ಒಂದೇ ದನಿಯಲ್ಲಿ, ಕೈ ಮುಗಿದುಕೊಂಡು. ಮನಸ್ಸು ಶಾಂತವಾಯಿತು ಎಂದು ಅವರೂ ಹೊರಡುವಾಗ ಬರೆದು ಹೋಗುತ್ತಿದ್ದರು. ಹೋದ ವರ್ಷ ಮರ ಬಿದ್ದ ದಿನ ಮ್ಯಾನೇಜರು ಎಷ್ಟು ಪೇಚಾಡಿಕೊಂಡಿದ್ದರು, ಒಳ್ಳೆ ಫೋಟೋ ಪಾಯಿಂಟ್ ಹೋಯಿತಲ್ಲ ಎಂದು. ಅವಳೂ ಹೌದು ಸರ್ ಎಂದಿದ್ದಳು.

ಆ ಮರ ಇನ್ನೂ ಇತ್ತು. ಅವಳ ಮೇಜಿನ ಹಿಂದಿನ ಗೋಡೆಯ ಮೇಲೆ, ಆಳೆತ್ತರದ ಚೌಕಟ್ಟಿನಲ್ಲಿ. ಮಂಜು, ತಿಳಿಬಿಸಿಲು, ನೀರಿನ ನಡುವೆ ಎಲೆಯಿಲ್ಲದ ಒಂದು ಒಣಮರ, ಅದರ ತುದಿಯಲ್ಲಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುವ ನೀರುಕಾಗೆ. ದಿನವೂ ಬಟ್ಟೆಯಿಂದ ಅದರ ಧೂಳು ಒರೆಸಿ, ಅದಕ್ಕೆ ಬೆನ್ನು ಮಾಡಿ ನಿಂತು ನಗುತ್ತಿದ್ದಳು. ಇವತ್ತು ತಿರುಗಿ ನಿಂತಳು. ಮರದ ಬುಡ ಎಲ್ಲಿ ನೀರಿಗೆ ಸೇರುತ್ತದೋ ಅಲ್ಲಿ ಬೆರಳಿಟ್ಟಳು. ಗಾಜು ತಣ್ಣಗಿತ್ತು. ತಳಕ್ಕೆ ಗಾಜು ಹಾಕಿದ ದೋಣಿಗೆ ಅವನು ಲಕ್ಷದ್ವೀಪದವರೆಗೆ ಹೋಗಬೇಕಾಗಿತ್ತು. ಗಾಜಿನ ಮೇಲೆ ಅವಳ ಬೆರಳಿನ ಗುರುತು ಮೂಡಿತು. ಒರೆಸಲು ಬಟ್ಟೆ ತೆಗೆದುಕೊಂಡಳು, ಒರೆಸಲಿಲ್ಲ.

ಫೋನು ಮೇಜಿನ ಒಳಗೆ ಅದುರಿತು. ಗಂಡನ ಸಂದೇಶ. ಅಡ್ವಾನ್ಸ್ ಕಟ್ಟಿದೀನಿ, ದೀಪದ ಊಟ ಫ್ರೀಯಂತೆ. ಅದನ್ನು ಓದುತ್ತಿರುವಾಗಲೇ ಹೊರಗೆ ಕಾರು ನಿಂತಿತು. ಗಂಡ ಸಾಮಾನು ಇಳಿಸುತ್ತಿದ್ದ, ಹೆಂಡತಿ ಬೇರೆ ಕಡೆ ನೋಡುತ್ತ ನಿಂತಿದ್ದಳು. ಪಾನಕ ಕೊಟ್ಟಾಗ ಇಬ್ಬರೂ ಒಟ್ಟಿಗೇ ಥ್ಯಾಂಕ್ಸ್ ಎಂದರು, ಒಟ್ಟಿಗೇ ಹೇಳಿದ್ದಕ್ಕೆ ಇಬ್ಬರಿಗೂ ಮುಜುಗರವಾಯಿತು. ವಾಣಿಶ್ರೀ ಅಡಿಗೆಮನೆಗೆ ಫೋನು ಮಾಡಲಿಲ್ಲ. ಹೆಂಗಸು ಮೇಜಿನ ಹತ್ತಿರ ಬಂದಳು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು, ಕೊರಳಲ್ಲಿ ಕರಿಮಣಿಯ ನಡುವೆ ಎರಡು ಹವಳ. ಅವಳ ನೋಟ ಗೋಡೆಯ ಮೇಲಿನ ಚಿತ್ರಕ್ಕೆ ಹೋಗಿ ಅಲ್ಲೇ ನಿಂತಿತು.

'ಎಷ್ಟು ಚೆನ್ನಾಗಿದೆ' ಎಂದಳು. 'ನಮಗೆ ಇದು ಕಾಣೋ ಕಡೆ ರೂಮ್ ಕೊಡ್ತೀರಾ? ಎರಡು ದಿನ ಸುಮ್ನೆ ನೀರು ನೋಡ್ತಾ ಕೂತಿರಬೇಕು ಅಂತ ಬಂದಿದೀವಿ.'

ವಾರದ ನಡುವಿನ ದಿನ. ಮಳೆಗಾಲ. ದಡದುದ್ದಕ್ಕೂ ಕೋಣೆಗಳೆಲ್ಲ ಬೀಗ ಹಾಕಿಕೊಂಡು ನಿಂತಿದ್ದವು, ಅವುಗಳ ಕೀಲಿಗಳು ವಾಣಿಶ್ರೀಯ ಮೊಣಕೈಯ ಪಕ್ಕದ ಹಲಗೆಯ ಮೇಲೆ ತೂಗುತ್ತಿದ್ದವು. ಅವಳು ಎರಡು ಹೆಜ್ಜೆ ಸರಿದು, ಆ ಹೆಂಗಸಿಗೂ ಹಲಗೆಗೂ ನಡುವೆ ನಿಂತಳು. ಕೈ ಮುಗಿದಳು.

'ಕ್ಷಮಿಸಿ ಮೇಡಂ' ಎಂದಳು. 'ನೀರಿನ ಕಡೆಯದು ಯಾವುದೂ ಖಾಲಿ ಇಲ್ಲ.'